ಪಾಗಾರದ ಮೇಲಿನ ರೆಗ್ಯುಲೇಟರು

ಭಾವಾ, ನಿಮ್ಮ ಪಾಗಾರದ ಮೇಲೆ ಒಣಗ್ತಾ ಇರೋದು ಮಾಣಿಯ ಡೈವಿಂಗ್ ರೆಗ್ಯುಲೇಟರ್ ಅಲ್ವೋ? ಈ ಸುಡುಬಿಸಿಲಲ್ಲಿ! ಮೊದಲು ನೆರಳಿಗೆ ತೆಗೀರಿ ಮಾರಾಯ್ರೆ, ಪೈಪಿನ ರಬ್ಬರು ಬಿರುಕು ಬಿಟ್ಟೀತು.

ಗ್ಯಾಸ್ ಸಿಲಿಂಡರಿನದ್ದರ ಅಣ್ಣನ ಹಾಗೆ ಕಾಣ್ತದೆ ಅಂತೀರಾ? ಸಂಬಂಧ ನಿಜಕ್ಕೂ ಉಂಟು. ಎರಡನೇ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ ಬಂದು ಕಾರುಗಳನ್ನ ಗ್ಯಾಸಿನಲ್ಲಿ ಓಡಿಸ್ತಿದ್ರು. ಅದಕ್ಕಂತ ಎಮಿಲ್ ಗಾನ್ಯಾನ್ ಅನ್ನೋ ಎಂಜಿನಿಯರ್ ಮಾಡಿದ್ದ ವಾಲ್ವನ್ನ 1943ರಲ್ಲಿ ಅವನೂ ನೌಕಾಪಡೆಯ ಝಾಕ್ ಕುಸ್ತೋನೂ ಸೇರಿ ನೀರೊಳಗಿನ ಉಸಿರಾಟಕ್ಕೆ ಒಗ್ಗಿಸಿದ್ರು. ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿರ್ತದೆ. ಸಿಲಿಂಡರಿನ ಮೇಲೆ ಕೂರೋ ಫಸ್ಟ್ ಸ್ಟೇಜು ಅದನ್ನ ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚಿರೋವಷ್ಟಕ್ಕೆ ಇಳಿಸ್ತದೆ. ಬಾಯಲ್ಲಿ ಕಚ್ಚೋ ಸೆಕೆಂಡ್ ಸ್ಟೇಜು ಉಳಿದದ್ದನ್ನ ಇಳಿಸಿ ಎಳೆದಾಗ ಮಾತ್ರ ಕೊಡ್ತದೆ.

ಮಾಣಿ ಈಗ ಇನ್ನೂ ದೊಡ್ಡದು ಕೇಳ್ತಿದ್ದಾನಾ? 10 ಡಿಗ್ರಿಗಿಂತ ತಣ್ಣಗಿನ ನೀರಿಗೂ ಆಗೋದಂತೆ? ನಮ್ಮ ನೇತ್ರಾಣಿ ದ್ವೀಪದ ಸುತ್ತ ಹಿಮಗಡ್ಡೆ ತೇಲಿದ ದಿನ ಕೊಡಿಸಿ! ತಣ್ಣೀರಿಗಂತ ಅದರ ಫಸ್ಟ್ ಸ್ಟೇಜಿಗೆ ಹಾಕೋ ಸೀಲು ಉಪ್ಪು, ಮರಳನ್ನೂ ತಡೀತದೆ ಅನ್ನೋದು ಖರೆ. ದುಡ್ಡು ಹೆಚ್ಚಾಗಿದ್ರೆ ಬೇಡ ಅನ್ನೋದಿಲ್ಲ. ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜಿಗೆ ಮಾತ್ರ ಎರಡು ಕಾಸು ಹೆಚ್ಚು ಕೊಡಬಹುದು, ಸಿಲಿಂಡರ್ ಖಾಲಿಯಾಗ್ತಾ ಬಂದರೂ ಉಸಿರೆಳೆಯೋದು ಭಾರ ಆಗೋದಿಲ್ಲ. ಆದ್ರೆ ನನ್ನ ಕೇಳಿದ್ರೆ, ಬಿಡಿಭಾಗ ಸಿಗೋದಾ, ಬಿಚ್ಚಿ ಕೂಡಿಸೋಕೆ ಕಲಿತವ ಹತ್ತಿರದಲ್ಲಿ ಇದ್ದಾನಾ, ಅದನ್ನೇ ಮೊದಲು ವಿಚಾರಿಸಬೇಕು. ಸರ್ವೀಸಿಗೆ ಸಮುದ್ರ ದಾಟಿಸಬೇಕಾದ ಮಾಲು ಎಷ್ಟು ಚಂದ ಇದ್ರೇನು?

ಎಲ್ಲಿ, ಇತ್ಲಾಗೆ ಕೊಡಿ ನೋಡುವಾ. ಫಸ್ಟ್ ಸ್ಟೇಜಿನ ಬಾಯಲ್ಲಿ ಸಣ್ಣ ಫಿಲ್ಟರ್ ಕಾಣ್ತದಲ್ಲ, ಅದರ ಅಂಚು ಹಸಿರಾಗಿದೆ ನೋಡಿ. ಕಿಲುಬು. ಮೇಲೆ ಕ್ರೋಮ್ ಹೊಳೆದರೂ ಒಳಗೆ ಹಿತ್ತಾಳೆಯೇ, ನೀರು ಹೊಕ್ಕಿದೆ. ಒಂದೋ ಮುಚ್ಚಳ ಹಾಕದೆ ಬಕೆಟ್ಟಿಗೆ ಮುಳುಗಿಸಿದ್ದಾನೆ, ಇಲ್ಲಾ ಒದ್ದೆ ಮುಚ್ಚಳವನ್ನೇ ಹಾಕಿ ತಿರುಪಿದ್ದಾನೆ. ಅದೂ ಅಲ್ಲದಿದ್ರೆ ತೊಳೆಯುವಾಗ ಸೆಕೆಂಡ್ ಸ್ಟೇಜಿನ ನಡುವಿನ ಬಟನ್ ಒತ್ತಿದ್ದಾನೆ. ಸಿಲಿಂಡರಿನ ಗಾಳಿ ಇಲ್ಲದಾಗ ಅದನ್ನ ಒತ್ತಿದ್ರೆ ವಾಲ್ವ್ ತೆರೆದು ನೀರು ಪೈಪಿನಲ್ಲಿ ಮೇಲಕ್ಕೆ ಹೋಗ್ತದೆ. ಮುಚ್ಚಳ ಒರೆಸಿ ಬಿಗಿಯಾಗಿ ಹಾಕಿ, ಸಿಹಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ನೆರಳಲ್ಲಿ ಒಣಗಿಸಿದ್ರೆ ಸಾಕಿತ್ತು.

ಈಗ ಮುಚ್ಚಳ ಹಾಕಿಯೇ ಬಾಯಿಟ್ಟು ಎಳೀರಿ. ಗಟ್ಟಿಯಾಗಿ! ಗಾಳಿ ಬರಬಾರದು, ಪೂರಾ ಕಟ್ಟಿದ ಹಾಗೆ ಇರಬೇಕು. ಬರ್ತದಾ? ಹಾಗಾದ್ರೆ ಎಲ್ಲೋ ಸೋರ್ತದೆ. ಬಾಯಿಗಿಡೋ ರಬ್ಬರಿನ ಬುಡ ನೋಡಿ, ಪ್ಲಾಸ್ಟಿಕ್ ಪಟ್ಟಿ ಕಟ್ಟಿದಲ್ಲಿ. ಹಾಂ, ಇಲ್ಲೇ ಹರಿದಿದೆ. ಇದೇನು ದೊಡ್ಡ ಖರ್ಚಲ್ಲ ಬಿಡಿ, ಆದ್ರೆ ನೀರಡಿ ಬಾಯೊಳಗೆ ಉಪ್ಪುನೀರು ಬಂದಾಗ ಗಾಬರಿಯಾಗೋದು ಇಂಥದ್ದಕ್ಕೇ.

ಕಿಲುಬಿಗೆ ಮಾತ್ರ ಮನೆಮದ್ದಿಲ್ಲ, ಸರ್ವೀಸಿಗೇ ಕೊಡಬೇಕು. ಮಳೆಗಾಲದಲ್ಲಿ ದೋಣಿ ಹೇಗೂ ಹೋಗೋದಿಲ್ಲ, ಕಪಾಟಿನಲ್ಲಿ ಬೂಸ್ಟು ಹಿಡಿಸೋ ಬದಲು ಆಗಲೇ ಕಳಿಸಿ. ಹುಣಸೆಹಣ್ಣು ಹಾಕಿ ತಿಕ್ಕುವಾ ಅಂತ ಅತ್ತಿಗೆ ಹೊರಟಾರು, ತಡೀರಿ. ಮಾಣಿಯೂ ಮೊಬೈಲಿನಲ್ಲಿ ವಿಡಿಯೋ ನೋಡಿ ಬಿಚ್ಚೋಕೆ ಕೂರುವವನೇ. ನಿಮ್ಮ ಮನೆಯ ಸ್ಪಾನರ್ ಪೆಟ್ಟಿಗೆ ಇವತ್ತೇ ಈ ಕಡೆ ದಾಟಿಸಿಬಿಡಿ, ನನಗೂ ಪಂಪಿನ ಕೆಲಸ ಉಂಟು.