ಶ್ರೀಮಾನ್ ಅಪ್‌ಡೇಟಪ್ಪ

ಸೇಡಂ, ಚಿತ್ತಾಪುರ, ಶಹಾಬಾದಗಳ ಯಾವ ಓಣಿಯನ್ನು ಹೊಕ್ಕರೂ, ರೈಲಿನ ಮುಖವನ್ನೇ ಕಾಣದ ಚಿಂಚೋಳಿಯ ಚಹಾದಂಗಡಿಯ ಕಟ್ಟೆಯ ಮೇಲೂ, ಮೊಬೈಲಿನ ಬೆಳಕಿಗೆ ಮೋರೆಯೊಡ್ಡಿ ಕುಳಿತ ತರುಣನೊಬ್ಬನು ಕಾಣಸಿಗುವನು. ಅಪ್‌ಡೇಟಪ್ಪನೆಂಬುದು ಓಣಿಯವರು ಅವನಿಗಿತ್ತ ಬಿರುದು. ಅವನನ್ನು ಆಟಗಾರನೆನ್ನುವುದು ಅಷ್ಟು ಸಮಂಜಸವಲ್ಲ. ಏಕೆಂದರೆ ವಿಡಿಯೋ ಗೇಮು ಆಡುವುದರಲ್ಲಿ ಅವನು ವ್ಯಯಿಸುವ ಕಾಲ ಅತ್ಯಲ್ಪ, ಆಡಿ ಮುಗಿಸಿದ ಆಟಕ್ಕೆ ಹೊಸ ಭಾಗವೊಂದು ಬಂದೀತೆಂದು ಹಾದಿ ಕಾಯುವ ಕಾಲವೋ ಅಪರಿಮಿತ. ಸಿಮೆಂಟಿನ ಧೂಳನ್ನೂ, ವೈಶಾಖದ ಬಿಸಿಲನ್ನೂ, ತೊಗರಿಯ ದರದ ಚಾಂಚಲ್ಯವನ್ನೂ ಸ್ಥಿತಪ್ರಜ್ಞನಂತೆ ಸಹಿಸುವ ಸೀಮೆಯಲ್ಲಿ ಹುಟ್ಟಿಯೂ, ಆಟ ರಚಿಸುವವರ ಮೌನವೊಂದನ್ನು ಮಾತ್ರ ಅವನು ಸಹಿಸಲಾರನು.

ಅವನ ಪುರಾಣದ ಮಹಾಪರ್ವ ಸಿಲ್ಕ್‌ಸಾಂಗಿನದು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡವು 2017ರಲ್ಲಿ ಹಾಲೋ ನೈಟ್ ಎಂಬ ಆಟವನ್ನು ಹೊರತಂದು, ಅದಕ್ಕೆ ಡಿಎಲ್‌ಸಿ ಎಂಬ ಹೆಚ್ಚುವರಿ ಭಾಗವೊಂದನ್ನು ಸೇರಿಸುವುದಾಗಿ ಮಾತು ಕೊಟ್ಟಿದ್ದಿತು. ಮೂಗಿಗಿಂತ ಮೂಗುತಿಯೇ ಭಾರವಾಗುತ್ತ ಬರಲು, ಇದು ಇನ್ನು ಸಿಲ್ಕ್‌ಸಾಂಗ್ ಎಂಬ ಸ್ವತಂತ್ರವಾದ ಆಟವೇ ಸರಿ ಎಂದು 2019ರ ಫೆಬ್ರವರಿಯಲ್ಲಿ ಸಾರಿ, ಬರಬರುತ್ತ ತಂಡವು ಮೌನವ್ರತವನ್ನು ಕೈಕೊಂಡಿತು. ಆ ಮೌನವನ್ನು ನಮ್ಮ ಅಪ್‌ಡೇಟಪ್ಪನು ಮೊದಮೊದಲು ಶ್ರದ್ಧೆಯೆಂದೂ, ಅನಂತರ ಸೋಮಾರಿತನವೆಂದೂ, ಕಡೆಗೆ ತನ್ನೊಬ್ಬನ ಮೇಲಣ ದ್ವೇಷವೆಂದೂ ವ್ಯಾಖ್ಯಾನಿಸಿದನು.

"ವಾಡಿ ಸ್ಟೇಷನ್‌ದಾಗ ಗಾಡಿ ಲೇಟಾದ್ರ ಮೈಕಿನಾಗರ ಹೇಳ್ತಾರ್ರೀ ಕಾಕಾ, ಇವ್ರು ಬಾಯಿನೇ ಬಿಡವಲ್ರು!" ಎಂದು ನನ್ನೆದುರು ಗೋಳಿಟ್ಟನು. ಮಾತು ನ್ಯಾಯವಾದುದೇ. ಆದರೆ ಬಾಯಿ ಬಿಟ್ಟಾಗ ಆದುದೇನು? 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದವರು ತಮ್ಮ ಪ್ರದರ್ಶನದಲ್ಲಿ ಸಿಲ್ಕ್‌ಸಾಂಗನ್ನೂ ತೋರಿಸಿ, ತೋರಿಸಿದವೆಲ್ಲ ಹನ್ನೆರಡು ತಿಂಗಳೊಳಗೆ ಕೈಸೇರುವುವೆಂದರು. ಅದನ್ನು ಭೀಷ್ಮಪ್ರತಿಜ್ಞೆಯೆಂದೇ ಬಗೆದ ಇವನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದನು. ಮರುವರ್ಷದ ಮೇ ತಿಂಗಳಲ್ಲಿ, ಆಟವು ಹಿಗ್ಗಿದೆ, ಇನ್ನೂ ಕಾಲ ಬೇಕೆಂದು ತಂಡವು ವಿನಯದಿಂದ ಬಿನ್ನವಿಸಿಕೊಳ್ಳಲು, "ಇದರಕಿಂತ ಸುಮ್ಮ ಇದ್ದಿದ್ರೇ ಛಲೋ ಇತ್ತು" ಎಂದು ಸಿಡಿಮಿಡಿಗೊಂಡನು.

ಅಂತೂ 2025ರ ಆಗಸ್ಟ್ 21ರಂದು ತಾರೀಖು ಪ್ರಕಟವಾಯಿತು. ಸೆಪ್ಟೆಂಬರ್ 4ಕ್ಕೆ ಆಟವೇ ಬಂದಿತು. ಇಷ್ಟು ಕಾಲ ಸುಮ್ಮನಿದ್ದುದೇಕೆಂದರೆ, ಕೆಲಸವು ಆನಂದದಿಂದ ಸಾಗಿತ್ತು, 'ಇನ್ನೂ ಮಾಡುತ್ತಿದ್ದೇವೆ' ಎಂದು ಮತ್ತೆ ಮತ್ತೆ ಹೇಳಿದ್ದರೆ ಜನಕ್ಕೆ ಬೇಸರವಾಗುತ್ತಿತ್ತು ಎಂದು ರಚಿಸಿದವರು ಉತ್ತರವಿತ್ತರು. ಆ ಉತ್ತರದಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುವೆನು. ಅಪ್‌ಡೇಟಪ್ಪನ ಪರಿಚಯವಿದ್ದ ಕಾರಣ ಪೂರ್ಣವಾಗಿ ಅಲ್ಲಗಳೆಯಲಾರೆನು. ಆಟ ಬಂದ ಸಂಜೆ ಜಗತ್ತೆಲ್ಲ ಒಮ್ಮೆಲೇ ಮುಗಿಬಿದ್ದು ಅಂತರ್ಜಾಲದ ಆಟದಂಗಡಿಗಳೇ ಕುಸಿಯಲು, ಹಣ ಕೊಡುವೆನೆಂದರೂ ಇಸಗೊಳ್ಳುವವರಿಲ್ಲದೆ ನಮ್ಮವನು ತಾಸುಗಟ್ಟಲೆ ತಳಮಳಿಸಿದನು.

ಆ ಆಟದ ಅರ್ಧವನ್ನೂ ಅವನು ಇನ್ನೂ ಗೆದ್ದಿಲ್ಲ. ಅದರ ಡಿಎಲ್‌ಸಿ ಯಾವಾಗ ಎಂದು ಮಾತ್ರ ಆಗಲೇ ವಿಚಾರಿಸತೊಡಗಿದ್ದಾನೆ.