ಅತ್ತೆಯ ಫೋನು, ಮನೆಯವರ ಬೆರಳು

ಜನ ಫೋನನ್ನು ಹೇಗೆ ಒತ್ತುತ್ತಾರೆಂದು ಕೂತು ನೋಡುವುದಕ್ಕೂ ಸಂಬಳ ಸಿಗುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಯೂಸರ್ ರಿಸರ್ಚ್ ಅನ್ನುತ್ತಾರೆ. ಆ ಕೆಲಸದಲ್ಲಿರುವ ಹುಡುಗನೊಬ್ಬ ಬಂದು, 'ದುಡ್ಡು ಕಳಿಸುವ ಆ್ಯಪನ್ನು ಇನ್ನೂ ಸಲೀಸು ಮಾಡಬೇಕು ಸಾರ್, ಸೇಲಂ, ಧರ್ಮಪುರಿ ಕಡೆ ನಿಮ್ಮವರಿದ್ದಾರಲ್ಲ, ಜೊತೆಗೆ ಬನ್ನಿ' ಎಂದ. ನಮ್ಮವರು ಅಂದರೆ ದೇವಾಂಗರು. ಸೇಲಮಿನ ಮಗ್ಗದ ಬೀದಿಗಳಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡಿಕೊಂಡು, ಶಾಲೆಯಲ್ಲಿ ತಮಿಳು ಕಲಿತುಕೊಂಡು ಬಂದವರು. ನನ್ನ ಸೋದರತ್ತೆ ಇರುವುದು ಕೊಂಡಲಾಂಪಟ್ಟಿಯಲ್ಲಿ. ಬಸ್ಸಿನ ಖರ್ಚು ಕಂಪನಿಯದು, ಊಟ ಅತ್ತೆಯದು. ಬೇಡ ಅನ್ನಲು ಕಾರಣ ಸಿಗಲಿಲ್ಲ.

ಹುಡುಗ ಓದಿಕೊಂಡವನು. ಯಾಕೋಬ್ ನೀಲ್ಸನ್ ಎಂಬ ಪಂಡಿತರು 2000ದಲ್ಲೇ ಹೇಳಿದ್ದಾರಂತೆ: ಐದು ಜನರ ಕೈಗೆ ಕೊಟ್ಟು ನೋಡಿದರೆ ಸಾಕು, ತೊಡಕುಗಳಲ್ಲಿ ಬಹುಪಾಲು ಬಯಲಾಗುತ್ತವೆ. ಐದು ಮನೆ ಹುಡುಕುವ ಶ್ರಮ ನಮಗೆ ಬರಲಿಲ್ಲ. ಅತ್ತೆಯ ಒಂದೇ ಫೋನಿಗೆ ಐವರು ಬಂದು ಕೂತರು. ಬ್ಯಾಂಕಿನ ಖಾತೆ ಅತ್ತೆಯದು. ರೇಷ್ಮೆ ಎಳೆ ಹಿಡಿದು ಹಿಡಿದು ಅವರ ಬೆರಳ ಗೆರೆಗಳು ಸವೆದಿರುವುದರಿಂದ ಫೋನು ತೆರೆಯುವುದು ಮೊಮ್ಮಗನ ಹೆಬ್ಬೆರಳಿಗೆ. ಪಿನ್ ನೆನಪಿಟ್ಟುಕೊಳ್ಳುವುದು ಸೊಸೆ. ದುಡ್ಡು ಹೋಯಿತೆಂಬ ಮೆಸೇಜನ್ನು ಕನ್ನಡಕ ಹಾಕಿಕೊಂಡು ಓದುವವನು ಮಗ. ಅಷ್ಟು ದುಡ್ಡು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಪಕ್ಕದ ಮನೆಯಾಕೆ.

ಹುಡುಗನಿಗೆ ಗಾಬರಿ. ಪಿನ್ ಯಾರಿಗೂ ಹೇಳಬಾರದು ಅಜ್ಜಿ, ಬೇಕಾದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ, ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ, ನೀವು ಒಪ್ಪಿದ ಮನೆಯವರು ಅವರ ಫೋನಿನಿಂದಲೇ ಪಾವತಿ ಮಾಡಬಹುದು ಎಂದು ವಿವರಿಸಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, 'ನಮ್ಮನೇಲಿ ಮೊದಲಿಂದ ಹಂಗೇ ಅಲ್ವೇನಪ್ಪ' ಎಂದರು.

ನನಗಂತೂ ಅತ್ತೆಯ ಏರ್ಪಾಡಿನಲ್ಲೇ ಹೆಚ್ಚು ನಂಬಿಕೆ. ಕೆವೈಸಿ ಅವಧಿ ಮುಗಿದಿದೆ, ನಂಬರ್ ಹೇಳಿ ಎಂದು ಫೋನಾಯಿಸುವ ಕಳ್ಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರನ್ನು ಏಮಾರಿಸಿದರೆ ಕೆಲಸ ಮುಗಿಯಿತು. ಇಲ್ಲಿ ಐವರನ್ನು ಏಮಾರಿಸಬೇಕು, ಅದರಲ್ಲೂ ಪಕ್ಕದ ಮನೆಯಾಕೆಯನ್ನು. ಆದರೆ ಆ್ಯಪು ಬರೆದವರ ಕಣ್ಣಲ್ಲಿರುವವನು ಒಂಟಿ ಮನುಷ್ಯ: ಒಂದು ಫೋನು, ಒಂದು ಭಾಷೆ, ಒಂದು ಹೆಸರು. ಅತ್ತೆಗೆ ಭಾಷೆ ಆರಿಸಿ ಅಂದರೆ ಕನ್ನಡ ಓದಲು ಬರದು. ತಮಿಳು ಓದಲು ಬಂದರೂ ಆ್ಯಪಿನ ತಮಿಳು ಬೀದಿಯ ತಮಿಳಲ್ಲ. ಹೆಸರಿನದು ಇನ್ನೂ ಫಜೀತಿ. ತಮಿಳುನಾಡಿನಲ್ಲಿ ಹೆಸರಿನ ಜೊತೆಗಿರುವುದು ಇನಿಷಿಯಲ್ ಒಂದೇ. ಲಾಸ್ಟ್ ನೇಮ್ ಕೊಡದೆ ಮುಂದೆ ಬಿಡುವುದಿಲ್ಲ ಎಂದು ಆ್ಯಪು ಹಟ ಹಿಡಿದಾಗ ಮೊಮ್ಮಗ ಇನಿಷಿಯಲ್ ಬಿಡಿಸಿ ತಾತನ ಹೆಸರು ತುಂಬಿದ್ದಾನೆ. ಈಗ ತೆರೆದಾಗಲೆಲ್ಲ ಅದು ನಮಸ್ಕಾರ ಹೇಳುವುದು ನಮ್ಮ ಮಾವನಿಗೆ, ಅತ್ತೆ ಜನ್ಮದಲ್ಲಿ ಬಾಯಿಬಿಟ್ಟು ಹೇಳದ ಹೆಸರು ಹಿಡಿದು. ಅತ್ತೆ ನಾಚಿಕೊಂಡು ಫೋನು ಮಗುಚಿಟ್ಟುಬಿಡುತ್ತಾರೆ.

ಆಮೇಲೆ ಹುಡುಗ ತನ್ನ ಶಾಸ್ತ್ರದ ಮುಖ್ಯ ಪ್ರಯೋಗಕ್ಕೆ ಇಳಿದ. ಮೊಮ್ಮಗನಿಗೆ ಹತ್ತು ರೂಪಾಯಿ ಕಳಿಸಬೇಕು. ಕಳಿಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುತ್ತಿರಬೇಕು. ಅತ್ತೆ ಆಜ್ಞೆ ಮೀರುವವರಲ್ಲ. 'ಸಾರಿಗೆ ಉಪ್ಪಾಕಿದ್ನೋ ಇಲ್ವೋ... ಈ ಹುಡುಗನಿಗೆ ಇನ್ನೂ ಮದುವೆ ಆದಂಗಿಲ್ಲ... ಅಕ್ಷರ ಯಾಕೆ ಇರುವೆಯಷ್ಟು ಮಾಡವ್ರೆ... ಏಳು... ಒಂಬತ್ತು... ಎರಡು...' ಹುಡುಗ 'ಅಜ್ಜೀ, ಅದನ್ನಲ್ಲ!' ಎಂದು ಎದ್ದು ನಿಂತ. ಅಷ್ಟರಲ್ಲಿ ಪಕ್ಕದ ಮನೆಯಾಕೆ 'ಆರು' ಎಂದು ಕೊನೆಯ ಅಂಕಿಯನ್ನು ತಾನೇ ಮುಗಿಸಿದಳು.

ಹತ್ತು ರೂಪಾಯಿ ಹೋಯಿತು. ಸುಲಭವಾಗಿತ್ತಾ ಅಜ್ಜಿ ಎಂದು ಕೇಳಿದರೆ, 'ಬಲು ಸುಲಭ' ಎಂದರು. ಮನೆಗೆ ಬಂದವರ ಮುಂದೆ ಕಷ್ಟ ಅನ್ನುತ್ತಾರೆಯೇ? ಹುಡುಗ ಐದಕ್ಕೆ ಐದು ಅಂಕ ಬರೆದುಕೊಂಡ.

ಧರ್ಮಪುರಿ ಜಿಲ್ಲೆಯ ಪಾಲಿಗೆ ಅವನು ಆರಿಸಿಕೊಂಡದ್ದು ಹೊಗೇನಕಲ್ಲು. ಸಣ್ಣ ವ್ಯಾಪಾರಿಗಳನ್ನು ಮಾತಾಡಿಸಬೇಕಂತೆ. ಅಲ್ಲಿ ಹರಿಗೋಲಿನವರಿದ್ದಾರೆ, ಮೀನು ಹುರಿಯುವವರಿದ್ದಾರೆ, ಬಂಡೆಯ ಮೇಲೆ ಕೂರಿಸಿ ಮೈಗೆ ಎಣ್ಣೆ ತಿಕ್ಕುವವರಿದ್ದಾರೆ. ಸಂಶೋಧನೆಗಾಗಿ ನಾನು ಮೂರನೆಯವರಿಗೆ ಮೈ ಒಪ್ಪಿಸಿದೆ. ಆತ ನನ್ನ ಬೆನ್ನನ್ನು ಚಪಾತಿ ಹಿಟ್ಟಿನಂತೆ ನಾದುತ್ತಿದ್ದರೆ ಹುಡುಗ ಎದುರಿಗೆ ಕೂತು, 2025ರ ಅಕ್ಟೋಬರಿನಲ್ಲಿ ಬಂದ ಹೊಸ ಅನುಕೂಲ ವಿವರಿಸಿದ: ಐದು ಸಾವಿರದವರೆಗೆ ಪಿನ್ನೇ ಬೇಡ, ಬೆರಳೋ ಮುಖವೋ ತೋರಿಸಿದರೆ ಸಾಕು.

ಆತ ಕೈ ನಿಲ್ಲಿಸಲಿಲ್ಲ. 'ಬರೋ ದುಡ್ಡಿಗೆ ನನಗೆ ಪಿನ್ನೂ ಬೇಡ, ಬೆರಳೂ ಬೇಡ ತಮ್ಮಾ. ತೊಂದರೆ ಇವರಿಗೆ' ಎಂದು ನನ್ನ ನೆತ್ತಿಗೆ ಇನ್ನೊಂದು ಬೊಗಸೆ ಸುರಿದ. ನಿಜ. ಬೆರಳು, ಮುಖ ಎರಡೂ ಎಣ್ಣೆಯಲ್ಲಿ ಮುಳುಗಿದ್ದವು. ಫೋನು ಪ್ಯಾಂಟಿನಲ್ಲಿ, ಪ್ಯಾಂಟು ದೂರದ ಬಂಡೆಯ ಮೇಲೆ. ಕೆಲವರು ಸ್ನಾನಕ್ಕೆಂದು ನೀರಿಗಿಳಿದು, ಮೇಲೆದ್ದು ಬಂದು, ನೆಟ್‌ವರ್ಕ್ ಇಲ್ಲ ಎಂದು ಕೈಯಾಡಿಸಿ ಹೋಗಿದ್ದಾರಂತೆ. ಹಾಗಾಗಿ ಈಗ ದುಡ್ಡು ಮೊದಲು, ಎಣ್ಣೆ ಆಮೇಲೆ. ನನ್ನಿಂದಲೂ ಹಾಗೇ ವಸೂಲಾಗಿತ್ತು.

ಬಳಕೆದಾರರು ಸೇವೆಗೆ ಮುಂಚೆಯೇ ಪಾವತಿಸಲು ಇಷ್ಟಪಡುತ್ತಾರೆ ಎಂದು ಹುಡುಗ ಬರೆದುಕೊಂಡ. ಸಂಶೋಧನೆಗೆ ಒಳಗಾದವರೆಲ್ಲ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕೆಂಬ ನಿಯಮ ಆಗ ನೆನಪಾಗಿ ನನಗೂ ಒಂದು ಹಾಳೆ ಚಾಚಿದ. ಪೆನ್ನು ಕೈಯಿಂದ ಜಾರಿ ಜಾರಿ ಬಿತ್ತು. ಕೊನೆಗೆ ಹೆಬ್ಬೆಟ್ಟು ಒತ್ತಿದೆ. ಫೋನು ಬೇಡವೆಂದಿದ್ದ ಬೆರಳನ್ನು ಕಾಗದ ತಕ್ಷಣ ಒಪ್ಪಿಕೊಂಡು, ಕೆಳಗಿದ್ದ ಎರಡು ಹಾಳೆಗೂ ದಾಟಿಸಿತು.