ಮೂರನೇ ಕಾಲಂನ ಮನದಾಳ

ಫೆಬ್ರವರಿ 1ರಂದು ಟಿವಿಯವರೆಲ್ಲ ಮುತ್ತಿಕೊಳ್ಳುವುದು ಕೇಂದ್ರ ಬಜೆಟ್ ಪುಸ್ತಕದ ನಾಲ್ಕನೇ ಕಾಲಂ ಅನ್ನು. ಬರುವ ವರ್ಷ ಯಾವ ಯೋಜನೆಗೆ ಎಷ್ಟು ಎಂದು ಅದು ಗಂಟಲು ಹರಿಯುವಂತೆ ಕೂಗುತ್ತಿರುತ್ತದೆ. ಪಕ್ಕದ ಮೂರನೆಯದರ ಹೆಸರು ‘ಪರಿಷ್ಕೃತ ಅಂದಾಜು’. ಹೋದ ವರ್ಷ ಕೂಗಿದ್ದರಲ್ಲಿ ಕೊನೆಗೆ ಉಳಿದದ್ದೆಷ್ಟು ಎಂಬ ಗುಟ್ಟು ಇದರ ಬಳಿ ಇರುತ್ತದೆ. ಸಂಕೋಚದ ಸ್ವಭಾವ, ಆದರೆ ಕೇಳಿದ್ದಕ್ಕೆ ಉತ್ತರ ಕೊಟ್ಟಿತು.

ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲವೆಂಬ ಬೇಸರವಿದೆಯೇ?

ಬೇಸರ ಯಾಕೆ ಸ್ವಾಮಿ? ಹೊಸ ಬಜೆಟ್‌ನ ಗಲಾಟೆಯಲ್ಲಿ ಹಳೆಯದರ ನೆನಪು ಯಾರಿಗಿರುತ್ತೆ? ನನ್ನ ಕೆಲಸಕ್ಕೆ ಅದೇ ಅನುಕೂಲ.

ಶಾಲೆಯ ಬಿಸಿಯೂಟಕ್ಕೆ 2023-24ರಲ್ಲಿ 11,600 ಕೋಟಿ ರೂಪಾಯಿ ಎಂದಿದ್ದರು.

ನಾನು 10,000 ಮಾಡಿದೆ. ಮರುವರ್ಷ 12,467 ಎಂದರು. ಅದನ್ನೂ 10,000ಕ್ಕೇ ತಂದೆ. ದುಂಡನೆಯ ಅಂಕಿ, ಮಕ್ಕಳಿಗೆ ಲೆಕ್ಕ ಕಲಿಯಲು ಸುಲಭ.

ಆದರೂ ವರ್ಷ ವರ್ಷ ಹೆಚ್ಚಾದಂತೆಯೇ ಕಾಣುತ್ತದಲ್ಲ?

ಅದೇ ನನ್ನ ಕೈಚಳಕ. ನಾನು ಕುಗ್ಗಿದಷ್ಟೂ ಪಕ್ಕದವನು ಎತ್ತರ ಕಾಣುತ್ತಾನೆ. 2025-26ಕ್ಕೆ 12,500 ಕೋಟಿ ಎಂದರು. ನನ್ನ ಪಕ್ಕ ನಿಲ್ಲಿಸಿ ನೋಡಿ, ಶೇ 25ರಷ್ಟು ಏರಿಕೆ! 2014-15ರ ಬಜೆಟ್‌ನಲ್ಲಿದ್ದ 13,215 ಕೋಟಿಯ ಪಕ್ಕ ಮಾತ್ರ ನಿಲ್ಲಿಸಬೇಡಿ. ನಡುವಿನ ವರ್ಷಗಳಲ್ಲಿ ಬೇಳೆಗೆ, ಎಣ್ಣೆಗೆ ಎಷ್ಟಾಯಿತು ಎಂದು ಕೇಳುವ ಚಟವೂ ಒಳ್ಳೆಯದಲ್ಲ.

ಕಡಿತಕ್ಕೆ ಕಾರಣ?

ರಾಜ್ಯಗಳು ಖರ್ಚು ಮಾಡಲಿಲ್ಲ.

ಹೇಗೆ ಮಾಡಿಯಾವು? ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಬರಲಿಲ್ಲವೆಂದು ಎರಡನೆಯದನ್ನು ತಡೆಹಿಡಿಯುತ್ತೀರಿ. ಅದು ಬರುವ ಹೊತ್ತಿಗೆ ಮಾರ್ಚ್ ಬಾಗಿಲಲ್ಲಿ ನಿಂತಿರುತ್ತದೆ. ಎಲೆ ಹಾಕಿ, ಅನ್ನ ಬಡಿಸದೆ ಪಂಕ್ತಿ ಎಬ್ಬಿಸಿ, ‘ಇವರಿಗೆ ಹಸಿವೇ ಇರಲಿಲ್ಲ’ ಎಂದ ಹಾಗಾಯಿತು.

ಎಲೆ ಹಾಕಿದ್ದಕ್ಕೆ ನಮ್ಮಲ್ಲಿ ದಾಖಲೆ ಇದೆ.

ಆರೋಗ್ಯಕ್ಕೆ ಬರೋಣ. ಕೊರೊನಾ ಪಾಠ ಕಲಿಸಿತೆಂದು ಜಿಲ್ಲೆಗಳಲ್ಲಿ ತುರ್ತು ಚಿಕಿತ್ಸಾ ಘಟಕ, ಪ್ರಯೋಗಾಲಯ ಕಟ್ಟಲು 2021ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಯೋಜನೆ ತಂದರು. 2023-24ಕ್ಕೆ 4,200 ಕೋಟಿ...

2,100. ಅಷ್ಟರಲ್ಲಿ ಪಾಠ ಅರ್ಧ ಮರೆತಿತ್ತು, ದುಡ್ಡೂ ಅರ್ಧ ಸಾಕೆಂದೆ.

ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಶೇ 6 ಕೊಡಿ ಎಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2025ರೊಳಗೆ ಆರೋಗ್ಯಕ್ಕೆ ಜಿಡಿಪಿಯ ಶೇ 2.5 ಎಂದು 2017ರ ಆರೋಗ್ಯ ನೀತಿ ಬರೆದುಕೊಂಡಿತ್ತು.

ಅವೆಲ್ಲ ನೀತಿಯ ಪುಸ್ತಕದವು. ನಾನಿರುವುದು ಲೆಕ್ಕದ ಪುಸ್ತಕದಲ್ಲಿ. ಎರಡಕ್ಕೂ ಕೊಟ್ಟು ತರುವ ಸಂಬಂಧವಿಲ್ಲ.

ಕತ್ತರಿ ಬೀಳುವುದು ಬಡವರ ಬಾಬ್ತಿಗೆ ಮಾತ್ರ ಎಂಬ ದೂರಿದೆ.

ಸುಳ್ಳು ಆರೋಪ! 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳದ್ದಕ್ಕೂ ಕತ್ತರಿ ಹಾಕಲಿಲ್ಲವೇ?

ಅವರು ಕಟ್ಟಬೇಕಿದ್ದ ತೆರಿಗೆಗೆ.

ಕತ್ತರಿ ಕತ್ತರಿಯೇ ಸ್ವಾಮಿ. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಸರ್ಕಾರವೇ ಅಂದಾಜು ಮಾಡಿತ್ತು. (ಅದಕ್ಕೆ ಯಾರಿಂದ ಬಳಕೆ ಪ್ರಮಾಣಪತ್ರ ತರಿಸಿಕೊಂಡಿರಿ ಎಂದು ಕೇಳಿದೆ. ಕಾಲಂ ಪುಟ ತಿರುವಿತು.)

ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ನಿಗದಿ ಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ. ರಾಜ್ಯಗಳು ತಮ್ಮ ಕೈಯಿಂದ ಅಷ್ಟಿಷ್ಟು ಸೇರಿಸಿ ಕೊಡುತ್ತವೆ. ನಮ್ಮ ಅಕ್ಷರ ದಾಸೋಹದ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಕೂತು ಸಾಕಾದರು. ಎಲ್ಲವನ್ನೂ ಪರಿಷ್ಕರಿಸುವ ನೀವು ಆ ಸಾವಿರವನ್ನು ಮುಟ್ಟಿಯೇ ಇಲ್ಲವಲ್ಲ?

2009ರಲ್ಲಿ ಎಲ್ಲಿಟ್ಟಿದ್ದರೋ ಅಲ್ಲೇ ಇದೆ, ಜೋಪಾನವಾಗಿ. ಕಳೆದುಹೋಗಿಲ್ಲವಲ್ಲ!

ಅದೂ ವರ್ಷಕ್ಕೆ ಹತ್ತೇ ತಿಂಗಳು.

ಉಳಿದೆರಡು ತಿಂಗಳು ಶಾಲೆಗೆ ರಜೆ. ಆಗ ಅಡುಗೆಯವರ ಮನೆಯಲ್ಲೂ ಒಲೆ ಉರಿಯುವುದಿಲ್ಲ ಎಂದು ಅಂದಾಜಿಸಲಾಗಿದೆ.